ಬಾಯಿಲ್ಲದ ಗೋಡೆ

ಬೆಳಗಿನ ಕಾಫಿ ಕುಡಿಯುತ್ತಾ ಆಡಿದ ಒಂದು ಮಾತಿನಿಂದ ಇಷ್ಟೆಲ್ಲ ಆಯಿತು.

"ಅತ್ತೆ, ಸಂಜೆ ಯೂನಿವರ್ಸಿಟಿಯಿಂದ ನಮ್ಮ ಗೈಡ್ ಮೇಡಮ್ ಬರ್ತಾರೆ. ಬೀದಿ ಕೊನೇಲಿರೋ ಗೋಡೆ ನೋಡ್ಬೇಕಂತೆ" ಎಂದುಬಿಟ್ಟರು ಆನರ್ಸ್. ಹೆಂಡತಿಯ ತಾಯಿಗೆ ಒಂದು ಮಾತು ಹೇಳುವುದೂ ಒಂದೇ, ಬೀದಿಗೆಲ್ಲ ಡಂಗುರ ಸಾರುವುದೂ ಒಂದೇ ಎಂಬುದು ಆ ಬಳಲಿದ ತಲೆಗೆ ಹೊಳೆಯಲಿಲ್ಲ.

ಆನರ್ಸ್ ಎನ್ನುವುದು ಬೀದಿಯವರು ಇಟ್ಟ ಹೆಸರು. ವಿಮಾ ಕಚೇರಿಯ ಕೌಂಟರಿನಲ್ಲಿ ಇಪ್ಪತ್ತು ವರ್ಷ ಕೂತು ಊರವರ ಗೋಳು ಕೇಳಿ ಕೇಳಿ ಸುಸ್ತಾಗಿದ್ದ ಮನುಷ್ಯ, ಒಂದು ವರ್ಷ ಸಂಬಳವಿಲ್ಲದ ರಜೆ ಹಾಕಿ, ಹರೆಯದಲ್ಲಿ ಕೈಬಿಟ್ಟಿದ್ದ ಇತಿಹಾಸದ ಆನರ್ಸ್ ಮುಗಿಸಲು ಹೊರಟಿದ್ದರು. ಅದಕ್ಕೊಂದು ಪ್ರಬಂಧ ಬರೆಯಬೇಕಿತ್ತು. ಜೊತೆಯ ಹುಡುಗ ಹುಡುಗಿಯರೆಲ್ಲ ಯುದ್ಧ, ರಾಜ್ಯ, ಕ್ರಾಂತಿ ಎಂದು ದೊಡ್ಡ ದೊಡ್ಡ ವಿಷಯ ಹಿಡಿದರು. ಇವರು ಹಿಡಿದದ್ದು ಮುಚ್ಚಿಹೋದ ಸೋಪಿನ ಕಾರ್ಖಾನೆಯ ಕಾಂಪೌಂಡ್ ಗೋಡೆ. ಹಳೆಯ ಮುಷ್ಕರದ ಕಾಲದಲ್ಲಿ ಕಾರ್ಮಿಕರು ಬರೆದ ಘೋಷಣೆಗಳು ಅದರ ಮೇಲೆ ಇನ್ನೂ ಉಳಿದಿದ್ದವು. ಗೋಡೆಗೆ ಕಿವಿ ಇರಬಹುದು, ಬಾಯಂತೂ ಇಲ್ಲ. ಅವರಿಗೆ ಹಿಡಿಸಿದ್ದು ಅದೇ.

ಆದರೆ ಬರಹ ತೀರಾ ಮಾಸಿತ್ತು. ಫೋಟೋದಲ್ಲಿ ಬರೀ ಕಲೆಯಂತೆ ಕಾಣುತ್ತಿತ್ತು. ಇಳಿಬಿಸಿಲು ಓರೆಯಾಗಿ ಬಿದ್ದಾಗ ಮಾತ್ರ ಅಕ್ಷರ ಓದಬಹುದಿತ್ತು. "ಕಣ್ಣಾರೆ ನೋಡದೆ ನಾನು ಸಹಿ ಹಾಕಲ್ಲ" ಎಂದಿದ್ದರು ಮೇಡಮ್. ಇಂದು ಸಹಿ ಬಿದ್ದರೆ ಸೋಮವಾರದಿಂದ ಕಚೇರಿ, ರಾತ್ರಿಗೆ ನಿದ್ದೆ. ಬೀಳದಿದ್ದರೆ ಇಡೀ ವರ್ಷದ ದುಡಿಮೆ ಹೊಳೆಯಲ್ಲಿ ಹುಣಸೆಹಣ್ಣು ತೊಳೆದಂತೆ.

ಬೈಂಡ್ ಆದ ಪ್ರಬಂಧವನ್ನು ಕಂಕುಳಲ್ಲಿ ಇಟ್ಟುಕೊಂಡು ಆನರ್ಸ್ ಮಧ್ಯಾಹ್ನ ಬಸ್ಸಿಳಿದಾಗ ಬೀದಿಯ ಕೊನೆ ಎಂದಿಗಿಂತ ಬೆಳ್ಳಗೆ ಕಂಡಿತು. ಬಿಸಿಲಿಗೆ ಕಣ್ಣು ಮಂಜಾಗಿದೆ ಎಂದುಕೊಂಡರು. ಹತ್ತಿರ ಹೋದರು. ಗೋಡೆಯ ಈ ತುದಿಯಿಂದ ಆ ತುದಿಯವರೆಗೆ ಹೊಸ ಸುಣ್ಣ ಹೊಳೆಯುತ್ತಿತ್ತು.

"ಹೇಗಿದೆ ಅಳಿಯಂದ್ರೇ?" ಅತ್ತೆ ಸೆರಗಿಗೆ ಕೈ ಒರೆಸುತ್ತಾ ಬಂದರು. "ಅಷ್ಟು ದೊಡ್ಡೋರು ನೋಡೋಕೆ ಬರ್ತಿದ್ದಾರೆ, ಗೋಡೆ ನೋಡಿದ್ರೆ ಹಾಗೆ ಗೀಚಿ ಹಾಳಾಗಿದೆ. ಮರ್ಯಾದೆ ಪ್ರಶ್ನೆ ಅಲ್ವಾ? ನಾನೇ ಎಲ್ಲರನ್ನೂ ಎಬ್ಬಿಸಿದೆ."

"ಎರಡು ಕೋಟ್ ಹೊಡ್ದಿದ್ದೀವಿ ಸಾರ್" ಎಂದ ಕ್ಷೌರದಂಗಡಿಯವನು, ಹುಬ್ಬಿನ ಮೇಲಿನ ಸುಣ್ಣವನ್ನೂ ಒರೆಸಿಕೊಳ್ಳದೆ. "ಒಂದಕ್ಕೆ ಆ ದರಿದ್ರ ಅಕ್ಷರ ಹೋಗ್ಲೇ ಇಲ್ಲ."

ಆನರ್ಸ್‌ಗೆ ಅಳು ಬಂತು. ಅಳುವುದಕ್ಕೂ ತ್ರಾಣವಿರಲಿಲ್ಲ. ಆದರೂ ಬಾಲ ಸುಟ್ಟ ಬೆಕ್ಕಿನಂತೆ ಮನೆಗೆ ಓಡಿ, ಅಡುಗೆಮನೆಯ ಸಟ್ಟುಗ ತಂದು ಗೋಡೆ ಕೆರೆಯತೊಡಗಿದರು. ಸುಣ್ಣದ ಜೊತೆ ಮುಷ್ಕರವೂ ಹಕ್ಕಳೆಯಾಗಿ ಕಾಲ ಬುಡಕ್ಕೆ ಉದುರಿತು. ಸಂಗತಿ ಏನೆಂದು ಬೀದಿಗೆ ಆಗ ಅರ್ಥವಾಯಿತು.

"ಅಯ್ಯೋ, ಅದನ್ನ ನೋಡೋಕೇ ಬರ್ತಿರೋದಾ?" ಅತ್ತೆ ತಲೆಯ ಮೇಲೆ ಕೈ ಹೊತ್ತರು.

ಬೀದಿ ಸಂಘದ ಅಧ್ಯಕ್ಷರಾದ ನಿವೃತ್ತ ಮೇಷ್ಟ್ರು ಗಂಟಲು ಸರಿಮಾಡಿಕೊಂಡರು. "ಮಿಂಚಿ ಹೋದ ಕಾರ್ಯಕ್ಕೆ ಚಿಂತಿಸಿ ಫಲವಿಲ್ಲಪ್ಪಾ. ಅಳಿಸಿದೋರು ನಾವು, ನಾವೇ ಬರೆದುಕೊಡ್ತೀವಿ."

"ದಯವಿಟ್ಟು ಬೇಡ ಮೇಷ್ಟ್ರೇ" ಎಂದು ಆನರ್ಸ್ ಕೈಮುಗಿಯುವಷ್ಟರಲ್ಲಿ ಕ್ಷೌರದಂಗಡಿಯವನು ಕೆಂಪು ಬಣ್ಣದ ಡಬ್ಬಿ ಹಿಡಿದು ಏಣಿ ಏರಿಯಾಗಿತ್ತು.

"'ಕೂಲಿ ಹೆಚ್ಚಿಸಿ' ಅಂತಿತ್ತು" ಎಂದ ಅವನು ಮೇಲಿಂದ. "ನಮ್ಮಪ್ಪನೇ ಬರೆದಿದ್ದು."

"ನಿಮ್ಮಪ್ಪ ಮುಷ್ಕರದ ದಿನ ಹೊದ್ದು ಮಲಗಿದ್ದ. 'ಮಾಲೀಕರಿಗೆ ಧಿಕ್ಕಾರ' ಅಂತಿತ್ತು" ಎಂದರು ಮೇಷ್ಟ್ರು.

"ಎರಡೂ ಇರಲಿಲ್ಲ. ಸೋಪು ಹಿಡ್ಕೊಂಡ ಹೆಂಗಸಿನ ಚಿತ್ರ ಇತ್ತು. ಥೇಟ್ ನನ್ನ ಹಾಗೇ ಇದ್ದಳು" ಎಂದರು ಅತ್ತೆ.

"ನಿಮ್ಮ ಹಾಗಾ? ಆ ಸೋಪು ಮಾರಾಟ ಆಗದೆ ಇದ್ದಿದ್ದು ಯಾಕೇಂತ ಈಗ ಗೊತ್ತಾಯ್ತು" ಎಂದ ಏಣಿಯ ಮೇಲಿನವನು.

ಜಗಳ ಕಾವೇರಿತು. ಮುಷ್ಕರ ಮುರಿದವರು ಯಾರು, ಮಾಲೀಕನ ಮನೆಗೆ ಕದ್ದು ಹಾಲು ಹಾಕಿದವರು ಯಾರು ಎಂದು ಅಜ್ಜ ಮುತ್ತಜ್ಜರೆಲ್ಲ ಎದ್ದು ಬಂದರು. ಆನರ್ಸ್ ಕಾಲುಹಾದಿಯ ಕಲ್ಲಿನ ಮೇಲೆ ಕುಸಿದು ಕಣ್ಣು ಮುಚ್ಚಿದರು. ಕಣ್ಣು ತೆರೆದಾಗ ಎದುರಿಗೆ ಮೇಡಮ್ ನಿಂತಿದ್ದರು. ಅವರ ಹಿಂದೆ ಗೋಡೆಯ ಮೇಲೆ 'ಕೂಲಿ ಹೆ' ಎಂಬಲ್ಲಿಂದ ಹಸಿ ಬಣ್ಣ ಸೋರುತ್ತಿತ್ತು.

"ಕ್ಷಮಿಸಿ ಮೇಡಮ್" ಎಂದು ಎದ್ದು ನಿಂತು ನಡೆದದ್ದನ್ನೆಲ್ಲ ಒಂದೇ ಉಸಿರಿಗೆ ಹೇಳಿದರು. "ಗೋಡೆ ಹೋಯ್ತು. ಇನ್ನು ಪ್ರಬಂಧವೂ ಇಲ್ಲ, ಆನರ್ಸೂ ಇಲ್ಲ. ನನ್ನನ್ನ ಫೇಲ್ ಮಾಡಿಬಿಡಿ, ಮನೆಗೆ ಹೋಗಿ ಮಲಗ್ತೀನಿ."

ಅದನ್ನು ಹೇಳುವಾಗ ಅವರಿಗೆ ನಿಜವಾಗಿಯೂ ಒಂದು ಬಗೆಯ ನೆಮ್ಮದಿಯಾಯಿತು. ಆದರೆ ಮೇಡಮ್ ಅವರತ್ತ ನೋಡುತ್ತಲೇ ಇರಲಿಲ್ಲ. ಜಗಳವಾಡುತ್ತಿದ್ದ ಮೂವರ ಬಾಯಿಯನ್ನೇ ನೋಡುತ್ತಿದ್ದರು. ಮೆಲ್ಲಗೆ ಚೀಲದಿಂದ ರೆಕಾರ್ಡರ್ ತೆಗೆದು ಒತ್ತಿದರು.

"ಫೇಲ್ ಯಾಕ್ರೀ ಮಾಡ್ಲಿ?" ಎಂದರು, ಕಣ್ಣರಳಿಸಿ. "ಗೋಡೆ ಹೋದ್ರೆ ಹೋಗ್ಲಿ ಬಿಡಿ. ಇಲ್ಲಿ ಒಬ್ಬೊಬ್ಬರ ತಲೇಲೂ ಒಂದೊಂದು ಮುಷ್ಕರ ಇದೆ. ಇವರ ನೆನಪುಗಳೇ ನಿಮ್ಮ ಪ್ರಬಂಧ. ಪ್ರತಿಯೊಬ್ಬರನ್ನೂ ಕೂರಿಸಿ, ಹೇಳೋದನ್ನೆಲ್ಲ ಕೇಳಿ ಬರ್ಕೊಳ್ಳಿ. ಮಧ್ಯೆ ಬಾಯಿ ಹಾಕಬಾರದು. ಅವಧಿ ಇನ್ನೊಂದು ವರ್ಷ ಮುಂದುವರಿಸೋಕೆ ನಾನೇ ಶಿಫಾರಸು ಮಾಡ್ತೀನಿ."

"ಮೇಡಮ್, ನನ್ನ ರಜೆ ಮುಗೀತು. ಸೋಮವಾರದಿಂದ ಕೌಂಟರು..."

"ಹಗಲು ಕಚೇರಿಗೆ ಹೋಗಿ. ಸಂಜೆ ಇವರನ್ನ ಕೇಳಿ. ಏನ್ರೀ, ನಿಮಗೆಲ್ಲ ಸಂಜೆ ಬಿಡುವಿರುತ್ತಾ?"

"ನಮಗೆ ಯಾವಾಗ್ಲೂ ಬಿಡುವೇ!" ಎಂದಿತು ಇಡೀ ಬೀದಿ. ಎಲ್ಲರೂ ಒಮ್ಮತಕ್ಕೆ ಬಂದದ್ದು ಅಂದು ಅದೊಂದೇ ಸಲ.

ಆನರ್ಸ್ ಕಾಲೆಳೆದುಕೊಂಡು ಮನೆ ಸೇರಿದರು. ನರ್ಸ್ ಕೆಲಸದ ಹೆಂಡತಿ ಡ್ಯೂಟಿಗೆ ಹೊರಡುತ್ತಿದ್ದವಳು ಬಾಗಿಲಲ್ಲೇ ಕೇಳಿದಳು: "ಎಲ್ಲಾ ಮುಗೀತಾ?"

ಉತ್ತರ ಹಿಂದಿನಿಂದ ಬಂತು. ಅತ್ತೆ ಒಳಗೆ ಬಂದು ಅಳಿಯನ ಓದುವ ಮೇಜಿನ ಎದುರಿಗೆ ಕುರ್ಚಿ ಎಳೆದುಕೊಂಡು ಕೂತರು.

"ಎಲ್ಲಿ ಮುಗೀತು ಕಣೇ, ಈಗ ತಾನೆ ಶುರು. ಮೊದಲ್ನೇ ಸರದಿ ನಂದೇ ಅಂತ ಮೇಡಮ್ ಹತ್ರ ಹೇಳ್ಬಿಟ್ಟಿದ್ದೀನಿ. ಬರ್ಕೊಳ್ಳಿ ಅಳಿಯಂದ್ರೇ, ನಾನು ಹುಟ್ಟಿದ ದಿನದಿಂದ ಹೇಳ್ತೀನಿ."

ಅತ್ತೆಗೆ ಆಗಲೇ ಎಂಬತ್ತು ದಾಟಿತ್ತು.