ಬೆಣ್ಣೆಗೆ ಹುಷಾರಿಲ್ಲ

ಕಾಳಿನ ಡಬ್ಬ ಅಲ್ಲಾಡಿಸಿದರೆ ಮೂರು ಕೋಳಿ ಓಡಿಬರಬೇಕಿತ್ತು. ಅವತ್ತು ಬೆಳಿಗ್ಗೆ ಬಂದದ್ದು ಎರಡೇ. ಟೈಲರ್ ಇನ್ನೊಮ್ಮೆ ಜೋರಾಗಿ ಅಲ್ಲಾಡಿಸಿದ. ಬಂದ ಎರಡೂ "ನಾವು ಬಂದಾಯ್ತಲ್ಲ" ಎನ್ನುವಂತೆ ಅವನ ಮುಖ ನೋಡಿದವು. ಬೆಣ್ಣೆ ಬರಲಿಲ್ಲ.

ಬೆಣ್ಣೆ ಅವನ ಹೆಂಡತಿಯ ಕೋಳಿ. ಬಣ್ಣವೂ ಬೆಣ್ಣೆಯದು, ಸ್ವಭಾವವೂ ಬೆಣ್ಣೆಯದು. ಆ ತಳಿಯೇ ಅಷ್ಟು ಸಾಧು. ಎತ್ತಿಕೊಂಡರೆ ದಿಂಬಿನ ಹಾಗೆ ತೋಳಲ್ಲಿ ಕೂತುಬಿಡುತ್ತದೆ. ಮರಿಯಾಗಿದ್ದಾಗ ಸತ್ತೇಹೋಗುತ್ತದೆ ಅಂತ ಎಲ್ಲರೂ ಕೈಬಿಟ್ಟಿದ್ದರು. ಹೆಂಡತಿಯೊಬ್ಬಳೇ ವಾರವಿಡೀ ತೊಟ್ಟು ತೊಟ್ಟಾಗಿ ನೀರು ಕುಡಿಸಿ ಉಳಿಸಿಕೊಂಡಿದ್ದಳು. ನಾಲ್ಕು ದಿನದ ಹಿಂದೆ ಅಕ್ಕನ ಮನೆಗೆ ಹೊರಟಾಗ ಬಸ್ಸಿನ ಕಿಟಕಿಯಿಂದ ಅವಳು ಹೇಳಿದ ಕೊನೇ ಮಾತು, "ರೀ, ನೀವು ಉಂಡ್ರೋ ಬಿಟ್ರೋ, ಬೆಣ್ಣೆ ತಿಂದಳಾ ಅಂತ ನೋಡಿ." ಇವತ್ತು ಸಂಜೆ ಏಳಕ್ಕೆ ಅವಳು ವಾಪಸ್ಸು.

ಟೈಲರ್ ಗೂಡಿನೊಳಗೆ ತಲೆ ತೂರಿಸಿದ. ಮೂಲೆಯ ಹುಲ್ಲಿನಲ್ಲಿ ಬೆಣ್ಣೆ ಮೈಯುಬ್ಬಿಸಿಕೊಂಡು ಹಿಟ್ಟಿನ ಮೂಟೆಯ ಹಾಗೆ ಕೂತಿತ್ತು. ಜುಟ್ಟು ಬಿಳಚಿಕೊಂಡಿತ್ತು. ಎದೆಯ ಪುಕ್ಕ ಉದುರಿ ಚರ್ಮ ಕಾಣುತ್ತಿತ್ತು. ಕೈ ಚಾಚಿದರೆ, ಹುಟ್ಟಿದಂದಿನಿಂದ ಯಾರಿಗೂ ಕೊಕ್ಕು ತೋರಿಸದ ಕೋಳಿ, "ಗುರ್ರ್" ಎಂದು ಕುಕ್ಕಿತು. ಟೈಲರ್‌ಗೆ ಬೆರಳಿಗಿಂತ ಎದೆ ಜಾಸ್ತಿ ನೋವಾಯಿತು.

"ಏನಾಯ್ತು ಟೈಲರಣ್ಣ?" ಎಂದು ಕಾಂಪೌಂಡಿನ ಮೇಲಿಂದ ಕತ್ತು ಚಾಚಿದ್ದು ಎದುರುಮನೆಯ ರಿಟೈರ್ಡ್ ಕಾಂಪೌಂಡರ್. ನಲವತ್ತು ವರ್ಷ ಆಸ್ಪತ್ರೆಯಲ್ಲಿ ಮಾತ್ರೆ ಎಣಿಸಿದವನು. ಈಗ ಎಣಿಸಲು ಮಾತ್ರೆ ಇಲ್ಲದ್ದರಿಂದ ಬೀದಿಯವರ ಕಾಯಿಲೆ ಎಣಿಸುತ್ತಾನೆ. ಬೆಣ್ಣೆಯನ್ನು ಒಂದೇ ಕಣ್ಣಲ್ಲಿ ಪರೀಕ್ಷಿಸಿ, "ಮೊಟ್ಟೆ ಒಳಗೇ ಸಿಕ್ಕಾಕ್ಕೊಂಡಿದೆ. ಬಿಸಿನೀರಲ್ಲಿ ಕೂರಿಸ್ಬೇಕು. ಇಲ್ಲಾಂದ್ರೆ ಸಂಜೆ ತನಕ ಇರೋದು ಡೌಟು" ಎಂದ.

"ಸಂಜೆ ಏಳರ ತನಕನಾ?" ಟೈಲರ್ ಕೇಳಿದ.

"ಬಿಸಿನೀರಾ? ಬೇಯಿಸ್ತೀರಾ ಅದನ್ನ?" ಪಕ್ಕದ ಮನೆಯ ಹೆಡ್‌ಮಿಸ್ಟ್ರೆಸ್ ಗೇಟು ತಳ್ಳಿಕೊಂಡೇ ಬಂದಳು. "ಎದೆ ಬೋಳಾಗಿದೆ, ಕಣ್ ಕಾಣಲ್ವಾ? ಹೇನು ಅದು. ತಣ್ಣೀರಲ್ಲಿ ತೊಳೀಬೇಕು."

"ಮೇಡಂ, ನಂದು ನಲವತ್ತು ವರ್ಷದ ಸರ್ವೀಸು."

"ನಂದು ನಲವತ್ತೆರಡು. ಹೇನಿನ ತಲೆ ನಾನು ನೋಡಿದಷ್ಟು ನೀವು ನೋಡಿಲ್ಲ."

ಟಬ್ಬು ಬೇಕು ಅನ್ನುವುದರಲ್ಲಿ ಇಬ್ಬರಿಗೂ ಒಮ್ಮತವಿತ್ತು. ಟೈಲರ್ ಬಟ್ಟೆ ನೆನೆಸುವ ಟಬ್ಬು ತಂದ. ಕಾಂಪೌಂಡರ್ ಬಿಸಿನೀರು ಸುರಿದರೆ ಹೆಡ್‌ಮಿಸ್ಟ್ರೆಸ್ ತಣ್ಣೀರು ಸುರಿದಳು. ಮತ್ತೆ ಇವನು, ಮತ್ತೆ ಅವಳು. ಮನೆಯ ಬಿಸಿನೀರು ಮೊದಲು ಮುಗಿದದ್ದರಿಂದ ಹೆಡ್‌ಮಿಸ್ಟ್ರೆಸ್ ಗೆದ್ದಳು. ಬೆಣ್ಣೆ ಕೊರೆಯುವ ನೀರಲ್ಲಿ ಎದೆಮಟ್ಟ ಮುಳುಗಿ, ಕಣ್ಣು ಮುಚ್ಚಿ, ಇವರ ಜಗಳ ಮುಗಿಯುವ ತನಕ ಅರ್ಧ ಗಂಟೆ ಮರ್ಯಾದಸ್ಥರ ಹಾಗೆ ಕೂತಿತ್ತು.

"ಒದ್ದೆ ಮೈಯಲ್ಲಿ ಹುಲ್ಲಿಗೆ ಬಿಟ್ರೆ ಶೀತ ಆಗುತ್ತೆ" ಎಂದು ಹೆಡ್‌ಮಿಸ್ಟ್ರೆಸ್ ತರಕಾರಿಯ ತಂತಿಬುಟ್ಟಿ ತರಿಸಿದಳು. ಬೆಣ್ಣೆಯನ್ನು ಅದರಲ್ಲಿ ಕೂರಿಸಿ, ಹಿತ್ತಲ ಮರದ ಕೊಂಬೆಗೆ ನೇತುಹಾಕಿದ್ದಾಯಿತು. ಕೆಳಗೂ ಗಾಳಿ, ಮೇಲೂ ಗಾಳಿ. ಬೆಣ್ಣೆ ತೊಟ್ಟಿಕ್ಕುತ್ತ ತೂಗಾಡಿತು. ಟೈಲರ್‌ಗೆ ನೋಡಲಾಗಲಿಲ್ಲ. ಹೊಲಿಯಲು ಕೂತ, ಪ್ಯಾಂಟಿನ ಎರಡು ಕಾಲನ್ನೂ ಒಂದಕ್ಕೊಂದು ಸೇರಿಸಿ ಹೊಲಿದ, ಎದ್ದ. ಮಧ್ಯಾಹ್ನ ಊಟವನ್ನೂ ಮಾಡಲಿಲ್ಲ.

ನಾಲ್ಕು ಗಂಟೆಗೆ ಪಶು ಆಸ್ಪತ್ರೆಯ ಬಾಗಿಲು ತೆಗೆದಾಗ ಮೊದಲು ನುಗ್ಗಿದವನು ಅವನೇ.

"ಡಾಕ್ಟ್ರಮ್ಮ, ನಮ್ಮ ಬೆಣ್ಣೆ ಸಾಯ್ತಾ ಇದೆ!"

ಡಾಕ್ಟರಮ್ಮ ಪೆನ್ನು ಕೆಳಗಿಟ್ಟಳು. "ಗೂಡು ಬಿಟ್ಟು ಏಳಲ್ವಾ?"

"ಇಲ್ಲ."

"ಹತ್ರ ಹೋದ್ರೆ ಗುರ್ ಅನ್ನುತ್ತಾ? ಎದೆ ಪುಕ್ಕ ತಾನೇ ಕಿತ್ಕೊಂಡಿದ್ಯಾ?"

"ನೀವು ನೋಡೇಬಿಟ್ಟಿದ್ದೀರಲ್ಲ!"

"ಕೆಳಗೆ ಮೊಟ್ಟೆ ಎಷ್ಟಿವೆ?"

"ಮೊಟ್ಟೆ ಇಲ್ಲ. ನಾನು ದಿನಾ ತೆಗೀತೀನಿ. ಕೋಟಿನ ಗುಂಡಿ ಒಂದಿತ್ತು."

ಡಾಕ್ಟರಮ್ಮ ಮೇಜು ಹಿಡಿದುಕೊಂಡು ನಕ್ಕಳು. "ರೋಗ ಅಲ್ಲ ಸ್ವಾಮಿ ಅದು, ಕಾವಿಗೆ ಕೂತಿದೆ. ಈ ತಳಿಗೆ ತಾಯ್ತನದ ಹುಚ್ಚು ಜಾಸ್ತಿ. ಗುಂಡಿ ಸಿಕ್ಕಿದ್ರೆ ಗುಂಡೀನೇ ಮರಿ ಮಾಡೋಣ ಅಂತ ಕೂರುತ್ತೆ. ಕಾವು ಬಿಡಿಸೋಕೆ ಎರಡು ಮೂರು ದಿನ ಬೇಕು..."

"ನಂಗೆ ಇರೋದು ಮೂರೇ ಗಂಟೆ!"

"ಹಾಗಾದ್ರೆ ಇವತ್ತೇ ಮೊಟ್ಟೆಯಿಂದ ಬಂದ ಮರಿ ತಗೊಂಡ್ಹೋಗಿ, ಕತ್ತಲಾದ ಮೇಲೆ ಮೆಲ್ಲಗೆ ಅದರ ಕೆಳಗೆ ತೂರಿಸಿ. ತಾನೇ ಮಾಡಿದ್ದು ಅಂದ್ಕೊಂಡು ಸಾಕುತ್ತೆ."

ಟಬ್ಬಿನ ಸುದ್ದಿ, ಬುಟ್ಟಿಯ ಸುದ್ದಿ ಅವನು ಎತ್ತಲಿಲ್ಲ. ಬೈದಾಳು ಅಂತ ಭಯ.

ಮರಿ ಮಾರುವವನು ಹತ್ತು ಮರಿಗಿಂತ ಕಮ್ಮಿ ಕೊಡುವುದಿಲ್ಲ ಎಂದ. ಅರ್ಧ ದಾರಿಯಲ್ಲಿ ರಟ್ಟಿನ ಡಬ್ಬದ ತಳ ಕಳಚಿತು. ಟೈಲರ್ ಹತ್ತನ್ನೂ ಒಂದೊಂದಾಗಿ ಹೆಕ್ಕಿ ಅಂಗಿಯೊಳಗೆ ಇಳಿಸಿಕೊಂಡು, ತುಂಬಿದ ಎಣ್ಣೆ ಪಾತ್ರೆ ಹೊತ್ತವನ ಹಾಗೆ ನಡೆದ. ಹೊಟ್ಟೆಯೊಳಗಿಂದ "ಚೀಂವ್ ಚೀಂವ್" ಕೇಳಿ ದಾರಿಹೋಕರು ಸರಿದು ಜಾಗ ಬಿಟ್ಟರು. ಮೊದಲು ಕಚಗುಳಿ, ಆಮೇಲೆ ಹಿತವಾದ ಬಿಸಿ, ಆಮೇಲೆ ಸದ್ದೇ ಇಲ್ಲ. ಮಲಗಿಬಿಟ್ಟಿದ್ದವು. ಅವನು ಹೆಜ್ಜೆಯ ಸದ್ದನ್ನೂ ಕಮ್ಮಿ ಮಾಡಿದ.

ಮನೆ ಮುಟ್ಟಿದಾಗ ಮಬ್ಬುಗತ್ತಲೆ. ಕೊಂಬೆಯಲ್ಲಿ ಬುಟ್ಟಿ ಖಾಲಿ. ಟೈಲರ್ ಅಂಗಿ ಹಿಡಿದುಕೊಂಡೇ ಹುಡುಕಿದ. ನೋಡಿದರೆ ಬೆಣ್ಣೆ ಅಂಗಳದಲ್ಲಿ ಮಣ್ಣು ಕೆದರಿ, ಧೂಳಲ್ಲಿ ಹೊರಳಿ, ಕಾಳಿನ ಡಬ್ಬವನ್ನೇ ಉರುಳಿಸಿಕೊಂಡು ಮೂರು ಹೊತ್ತಿನದು ಒಟ್ಟಿಗೆ ತಿನ್ನುತ್ತಿದೆ! ಮರಿಗಳನ್ನು ಮುಂದೆ ಬಿಟ್ಟರೆ, ಪಕ್ಕದ ಮನೆಯ ಕಾಗದ ತಪ್ಪಿ ತನ್ನ ಬಾಗಿಲಿಗೆ ಬಂದಂತೆ ಒಮ್ಮೆ ನೋಡಿ, ದಾಟಿಕೊಂಡು ಹೋಗಿ ಗೂಡಿನ ಕೋಲಿನ ಮೇಲೆ ಮಲಗಿತು.

ಫೋನಿನಲ್ಲಿ ಎಲ್ಲವನ್ನೂ ಕಕ್ಕಿದ. ಡಾಕ್ಟರಮ್ಮನ ಸ್ವರ ಏರಿತು. "ತಣ್ಣೀರಲ್ಲಿ ಕೂರಿಸಿ, ತಂತಿಬುಟ್ಟೀಲಿ ಗಾಳಿಗೆ ಇಟ್ರಾ? ಅಯ್ಯೋ ದೇವ್ರೇ, ಕಾವು ಬಿಡಿಸೋದೇ ಹಾಗೆ! ಎರಡು ಮೂರು ದಿನದ ಕೆಲಸ ನೀವು ಒಂದೇ ದಿನದಲ್ಲಿ ಮುಗಿಸಿದ್ದೀರಿ. ನನ್ನ ಹತ್ರ ಬರೋ ಹೊತ್ತಿಗೆ ಅದರ ಕಾವು ಇಳಿದುಹೋಗಿತ್ತು. ಈಗ ಆ ಮರಿಗಳಿಗೆ ತಾಯಿ ಇಲ್ಲ. ಪುಕ್ಕ ಬರೋ ತನಕ ಒಂದು ತಿಂಗಳು ಬೆಚ್ಚಗಿಡಬೇಕು. ಲೈಟ್ ಹಾಕಿಡಿ."

ಲೈಟ್ ಹಾಕಿದ. ಮರಿಗಳು ಲೈಟನ್ನು ನೋಡಿದವು, ಅವನನ್ನು ನೋಡಿದವು, ಸಾಲಾಗಿ ಅವನ ಮಡಿಲು ಹತ್ತಿದವು.

ಏಳಕ್ಕೆ ಗೇಟು ತೆರೆದ ಹೆಂಡತಿ ನೇರ ಗೂಡಿಗೆ ಓಡಿದಳು. ಬೆಣ್ಣೆಯನ್ನು ಎತ್ತಿ, ಮುದ್ದಿಸಿ, ಎರಡು ಕೈಯಲ್ಲಿ ತೂಗಿ, "ಗುಂಡಗಿದ್ದಾಳೆ ನನ್ನ ಚಿನ್ನ!" ಎಂದಳು. ಆಮೇಲೆ ಒಳಗೆ ಬಂದಳು. ಗಂಡ ನೆಲದ ಮೇಲೆ ಕೂದಲು ಕೆದರಿಕೊಂಡು ಅಲ್ಲಾಡದೆ ಕೂತಿದ್ದ.

"ರೀ, ಏನಿದು? ಊಟ ಮಾಡಿದ್ರಾ?"

"ಮೆಲ್ಲಗೆ ಮಾತಾಡೇ."

ನಡೆದದ್ದೆಲ್ಲ ಪಿಸುದನಿಯಲ್ಲಿ ಕೇಳಿ ಅವಳಿಗೆ ನಗು ತಡೆಯಲಾಗಲಿಲ್ಲ, ಕಣ್ಣಲ್ಲಿ ನೀರು ಬಂತು. ಪಕ್ಕದಲ್ಲೇ ಕುಸಿದು ಕೂತು, ಮಡಿಲು ಹರಡಿ, "ಸೊಂಟ ಹಿಡಿದುಕೊಂಡಿರುತ್ತೆ ನಿಮಗೆ. ಐದು ಇತ್ತ ಕೊಡಿ, ಎದ್ದು ಎರಡು ತುತ್ತು ತಿನ್ನಿ" ಎಂದು ಕೈ ಚಾಚಿದಳು.

ಟೈಲರ್ ಎರಡೂ ಕೈಯಿಂದ ಮಡಿಲು ಮುಚ್ಚಿಕೊಂಡ.

"ಬೇಡ ಕಣೆ," ಎಂದ, "ಈಗಷ್ಟೇ ಮಲಗಿವೆ."