ಬನ್ನಿ ಹಬ್ಬದ ತಪ್ಪೊಪ್ಪಿಗೆ

ಸಿದ್ದಾರ್ಥ ಕೆಟ್ಟದ್ದು ಒಂದು ವಿಡಿಯೋದಿಂದ.

ಬನ್ನಿ ಹಬ್ಬದ ಬೆಳಗು. ಇಳಕಲ್ಲಿನ ಸೀರೆ ಅಂಗಡಿಯಲ್ಲಿ ಅವನ ಕೆಲಸ, ಅಂದು ಅಂಗಡಿಗೆ ರಜೆ. ಹಾಸಿಗೆಯಲ್ಲೇ ಬಿದ್ದುಕೊಂಡು ಮೊಬೈಲ್ ಉಜ್ಜುತ್ತಿದ್ದವನ ಮುಂದೆ ಕೋಟು ತೊಟ್ಟ ಗಡ್ಡದವನೊಬ್ಬ ಪ್ರತ್ಯಕ್ಷನಾಗಿ, ತೆಂಕಣದ ನಯವಾದ ಕನ್ನಡದಲ್ಲಿ, "ಪ್ರೀತಿ ಮುರಿದುಬಿತ್ತೇ ಗೆಳೆಯರೇ? ಇನ್ನೊಬ್ಬರತ್ತ ಬೆರಳು ತೋರಿಸಬೇಡಿ. 'ತಪ್ಪು ನನ್ನದು' ಎನ್ನಿ. ಬೆಳೆಯಿರಿ!" ಎಂದ. ಸಿದ್ದಾರ್ಥ ದಡಕ್ಕನೆ ಎದ್ದು ಕೂತ. ಇದು ತನಗೇ ಹೇಳಿದ ಮಾತು.

ಯಾಕೆಂದರೆ ಹುನಗುಂದದ ರೋಹಿಣಿ ಅವನನ್ನು ಬಿಟ್ಟದ್ದು ಇದೇ ಕಾರಣಕ್ಕೆ. ಅವಳದು ತತ್ತಿ ಮುಟ್ಟದ ಮನೆತನ. ಬಸ್ ಸ್ಟ್ಯಾಂಡಿನ ಗಾಡಿಯಲ್ಲಿ ಅವಳು ಕದ್ದು ಎಗ್ ರೈಸ್ ತಿನ್ನುತ್ತಿದ್ದುದನ್ನು ಯಾರೋ ಅವಳ ತಾಯಿಗೆ ಮುಟ್ಟಿಸಿದ್ದರು. "ನೀನ ಹೇಳಿದೇನು?" ಎಂದು ಅವಳು ಕೇಳಿದರೆ, ಸಿದ್ದಾರ್ಥ ಗಾಡಿಯವನಿಂದ ಹಿಡಿದು ಬಸ್ ಕಂಡಕ್ಟರನವರೆಗೆ ಎಲ್ಲರ ಮೇಲೂ ತಪ್ಪು ಹಾಕಿದ. "ಹುಟ್ಟಿದಾಗಿಂದ ಒಮ್ಮೆರೆ ತಪ್ಪು ನಂದು ಅಂದೀಯೇನು?" ಎಂದವಳು ಫೋನ್ ಇಟ್ಟಳು. ಇಟ್ಟವಳು ಮತ್ತೆ ಎತ್ತಲೇ ಇಲ್ಲ. ಮಾತುಕತೆಗೆ ಬಂದಿದ್ದ ಮದುವೆ ಅಲ್ಲೇ ನಿಂತಿತು.

ಇಂದು ಸಂಜೆ ಅವಳು ಪಕ್ಕದ ಓಣಿಯ ತನ್ನ ಸೋದರತ್ತೆಯ ಮನೆಗೆ ಬನ್ನಿ ಕೊಡಲು ಬರುತ್ತಾಳೆ. ವರ್ಷದ ಜಗಳವನ್ನೆಲ್ಲ ಒಂದು ಬನ್ನಿ ಎಲೆ ಕೊಟ್ಟು ತೀರಿಸಿಕೊಳ್ಳುವ ದಿನ. ಅಷ್ಟರೊಳಗೆ ತಾನು ಬೆಳೆದುಬಿಡಬೇಕು ಎಂದು ಸಿದ್ದಾರ್ಥ ನಿರ್ಧರಿಸಿದ.

ಬೆಳೆಯುವುದಕ್ಕೆ ತಪ್ಪು ಬೇಕಲ್ಲ? ಹೊರಗೆ ಬಂದರೆ ಓಣಿಯ ಬೋರ್‌ವೆಲ್ ಮೋಟಾರು ಸುಟ್ಟು, ಕೊಡ ಹಿಡಿದ ಹೆಂಗಸರೆಲ್ಲ ಎದುರು ಮನೆಯ ಕಲ್ಲೇಶನನ್ನು ಸುತ್ತುಗಟ್ಟಿದ್ದರು. ರಾತ್ರಿ ಮೋಟಾರು ಬಂದ್ ಮಾಡುವ ಪಾಳಿ ಅವನದು.

"ನಾ ಬಂದ್ ಮಾಡೇನ್ರಿ! ದೇವರಾಣಿ!" ಎನ್ನುತ್ತಿದ್ದ ಕಲ್ಲೇಶ.

"ತಪ್ಪು ನಂದ್ರಿ," ಎಂದ ಸಿದ್ದಾರ್ಥ. "ರಾತ್ರಿ ಮೋಟಾರಿನ ಸಪ್ಪಳ ನನಗ ಕೇಳಿಸಿತ್ತು. ಎದ್ದು ಬಂದ್ ಮಾಡಬೇಕಿತ್ತು."

ಕಲ್ಲೇಶ, "ಕೇಳಿದ್ರಿಲ್ಲೋ? ಇಂವಂದಂತ!" ಎಂದು ಮೆಲ್ಲಗೆ ಜಾರಿಕೊಂಡ. ಕೊಡಗಳೆಲ್ಲ ಸಿದ್ದಾರ್ಥನತ್ತ ತಿರುಗಿದವು. ಬೈಗುಳ ಮುಗಿಯುವ ಹೊತ್ತಿಗೆ ಮೆಕ್ಯಾನಿಕನನ್ನು ಹುಡುಕಿ ತರುವ ಕೆಲಸವೂ ಅವನ ಕೊರಳಿಗೆ ಬಿತ್ತು. ಆದರೇನು, ಎದೆ ಹಗುರಾಯಿತು. ಬೆಳೆಯುವುದು ಇಷ್ಟು ಸುಲಭವೇ ಎಂದು ಅವನಿಗೇ ಆಶ್ಚರ್ಯ.

ಸುದ್ದಿ ಓಣಿ ತುಂಬ ಹಬ್ಬಿತು. ಮೆಕ್ಯಾನಿಕನನ್ನು ಮೋಟಾರಿನ ಬಳಿ ಬಿಟ್ಟು ಮನೆಗೆ ಬರುವಷ್ಟರಲ್ಲಿ ನೆರೆಮನೆಯ ಗುಲಾಬಬಿ ಕಾಯುತ್ತಿದ್ದಳು. ಅವಳ ಆಡು ತಿಮ್ಮಣ್ಣ ಮಾಸ್ತರರ ಕಟ್ಟೆಯ ಮೇಲಿದ್ದ ಬನ್ನಿ ಸೊಪ್ಪನ್ನು ಪೂರ್ತಿ ಮೇಯ್ದಿತ್ತು.

"ಬಾರೋ ಮಗನಾ, ಮಾಸ್ತರ ಹಾರ್ಯಾಡಾಕ್ಹತ್ಯಾರ. ಆಡಿನ ಹಗ್ಗ ನೀ ಬಿಚ್ಚಿದಿ ಅಂತ ಒಂದ್ ಮಾತ ಅಂದಬಿಡು. ನಿನಗ ಹೆಂಗೂ ರೂಢಿ ಆಗೇತಿ."

ಸಿದ್ದಾರ್ಥ ಅಂದೂಬಿಟ್ಟ. ಮಾಸ್ತರರು ಉರಿಬಿಸಿಲಲ್ಲಿ ಅವನನ್ನು ಊರ ಹೊರಗಿನ ಬನ್ನಿ ಗಿಡಕ್ಕೆ ಅಟ್ಟಿದರು. ಮುಳ್ಳು ಪರಚಿದ ಕೈಯಲ್ಲಿ ಸೊಪ್ಪು ಹೊತ್ತು ತಂದರೆ, ದಾರಿಗೆ ಅಡ್ಡವಾಗಿ ಮತ್ತೆ ಕಲ್ಲೇಶ.

"ಲೇ ದೋಸ್ತ, ನನ್ನ ಹೆಂಡ್ತಿ ವಿದ್ಯಾನ ಹೊಸ ಸೀರಿ ಮ್ಯಾಲೆ ಚಾ ಚೆಲ್ಲಿದ್ನಿ. ಕಲಿ ಹೋಗಲಿ ಅಂತ ಕುದಿಯೂ ನೀರಾಗ ಹಾಕಿದ್ನಿ. ಸೆರಗಿನ ಕೆಂಪೆಲ್ಲಾ ಸೀರಿ ತುಂಬ ಹತ್ತೇತಿ. 'ಅಂಗಡ್ಯಾಗ ನಾ ಕೊಟ್ಟ ಸೀರೀನ ಖೋಟಾ' ಅಂತ ನೀ ಆಕಿ ಮುಂದ ಹೇಳಲೇ. ನನ್ನ ಸಂಸಾರ ಉಳಿತೈತಿ."

ಅಷ್ಟೊತ್ತಿಗೆ ಸಿದ್ದಾರ್ಥನಿಗೆ ತಪ್ಪೊಪ್ಪಿಕೊಳ್ಳುವ ಚಟ ಹತ್ತಿಬಿಟ್ಟಿತ್ತು. ಹೇಳಿದ. ಆದರೆ ವಿದ್ಯಾ ಬೈದು ಸುಮ್ಮನಾಗುವ ಹೆಂಗಸಲ್ಲ. ಅಂಗಡಿಯ ಮಾಲಕ ಯಾಕೂಬಸಾಬರಿಗೇ ಫೋನ್ ಹಚ್ಚಿದಳು.

"ನಮ್ಮಪ್ಪನ ಕಾಲದಿಂದ ಬಣ್ಣ ಬಿಡೂ ಸೀರಿ ಮಾರಿಲ್ಲ ನಾವು," ಎಂದರು ಸಾಬರು ಸಿದ್ದಾರ್ಥನಿಗೆ. "ನಾಳಿಯಿಂದ ಅಂಗಡಿ ಮೆಟ್ಲ ಹತ್ತಬ್ಯಾಡ."

ಕೆಲಸ ಹೋಯಿತು. ಹಾಳಾಗಿ ಹೋಗಲಿ, ರೋಹಿಣಿ ಬಂದರೆ ಸಾಕು ಎಂದುಕೊಂಡು ಮುಖ ತೊಳೆದು ಹೊಸ ಅಂಗಿ ತೊಟ್ಟ.

ಸಂಜೆ ಓಣಿಯೆಲ್ಲ "ಬನ್ನಿ ತಗೊಂಡು ಬಂಗಾರಧಂಗ ಇರೂಣ್ರಿ" ಎಂಬ ಗದ್ದಲ. ಅತ್ತೆಯ ಮನೆಯಲ್ಲಿ ಸುದ್ದಿ ಕೇಳಿದ ರೋಹಿಣಿ ನೇರವಾಗಿ ಸಿದ್ದಾರ್ಥನ ಕಟ್ಟೆಯ ಮುಂದೆ ಬಂದು ನಿಂತಳು.

"ಇವತ್ತ ಓಣ್ಯಾಗಿನ ತಪ್ಪೆಲ್ಲಾ ನಿಂದ ಅಂದೀಯಂತಲ್ಲ?"

"ಹೂಂ. ನಾ ಬೆಳದೇನಿ ರೋಹಿಣಿ."

"ಅಪರಂಜಿ ಹುಡುಗ ನೋಡ ತಂಗಿ!" ಎಂದ ಕಲ್ಲೇಶ. "ಇಂಥಾಂವ ಎಲ್ಲಿ ಸಿಗತಾನ ಬೇಟಿ?" ಎಂದಳು ಗುಲಾಬಬಿ.

ರೋಹಿಣಿ ನಕ್ಕಳು. ಅವಳ ನಗು ನೋಡಿ ಎಷ್ಟು ದಿನವಾಗಿತ್ತು! ಕೈಯಲ್ಲಿದ್ದ ಬನ್ನಿಯನ್ನು ಅವಳು ಮುಂದೆ ಚಾಚಿದಳು.

"ಅವು ಯಾವೂ ನಿಂದಲ್ಲ ಅಂತ ನನಗ ಗೊತ್ತೈತಿ. ಒಂದ ಮಾತ ಕೇಳ್ತೇನಿ. ಎಗ್ ರೈಸಿನ ಸುದ್ದಿ ನಿನ್ನ ಬಾಯಿಂದ ಹೋತೇನು? ಹೂಂ ಅಂದ್ರ ಸಿಟ್ಟಾಗಂಗಿಲ್ಲ. ಬನ್ನಿ ಕೊಡ್ತೇನಿ, ನಾಳಿಗೆ ಅಪ್ಪನ್ನ ಮಾತಿಗೆ ಕಳಸ್ತೇನಿ."

ಬೇಕಾದದ್ದು ಒಂದೇ ಒಂದು ಹೂಂ. ಬೆಳಗಿನಿಂದ ಓಣಿಗೆಲ್ಲ ಪುಗಸಟ್ಟೆ ಹಂಚಿದ ಮಾತು. ಸಿದ್ದಾರ್ಥ ಬಾಯಿ ತೆರೆದ. ಕಣ್ಣುಗಳು ಅತ್ತಿತ್ತ ಹೊರಳಾಡಿ ಕಲ್ಲೇಶನ ಮೇಲೆ ನಿಂತವು.

"ಅದೊಂದ ಮಾತ್ರ ನಂದಲ್ಲ," ಎಂದ. "ಕಲ್ಲ್ಯಾ ಹೇಳಿರಬೇಕು."

"ಏನಂದಿ ಲೇ?" ಎಂದು ಕಲ್ಲೇಶ ತೋಳೇರಿಸುವಷ್ಟರಲ್ಲಿ, ಸಿದ್ದಾರ್ಥನ ತಾಯಿ ಸಕ್ರವ್ವ ಹೋಳಿಗೆಯ ತಾಟು ಹಿಡಿದು ಒಳಗಿನಿಂದ ಬಂದಳು.

"ಅಯ್ಯ, ಪಾಪ ಕಲ್ಲೇಶನ ಯಾಕ ಎಳೀತೀಯೋ? ರೋಹಿಣಿಗೆ ಎಗ್ ರೈಸ್ ಅಂದ್ರ ಜೀವ, ಮದವಿ ಆದಮ್ಯಾಲೆ ಮನ್ಯಾಗ ತತ್ತಿ ತರೂಣಬೇ ಅಂತ ನನ್ನ ಮುಂದ ಹೇಳಿದಾಂವ ನೀನ ಅಲ್ಲೇನು? ಖರೇನ ಏನ್ರಿ ಅಂತ ನಾ ಇವರವ್ವನ್ನ ಕೇಳಿದ್ನಿ. ನಂದೂ ತಪ್ಪ ಬಿಡವಾ."

ರೋಹಿಣಿ ಚಾಚಿದ್ದ ಕೈಯನ್ನು ಹಿಂದಕ್ಕೆಳೆದು, ಬನ್ನಿಯನ್ನು ಸಕ್ರವ್ವನಿಗೆ ಕೊಟ್ಟು ಕಾಲು ಮುಟ್ಟಿದಳು.

"ಬಂಗಾರಧಂಗ ಇರೂಣ್ರಿ. ನೀವರೆ ಒಪ್ಪಿಕೊಂಡ್ರಿ," ಎಂದು ಹೊರಟೇಬಿಟ್ಟಳು. ತಿರುಗಿ ನೋಡಲಿಲ್ಲ.

ಅವಳು ಓಣಿ ದಾಟುವವರೆಗೂ ಸಿದ್ದಾರ್ಥ ನೋಡುತ್ತ ನಿಂತ. ಕಣ್ಣು ತುಂಬಿ ಬಂತು. ಆಮೇಲೆ ತಾಯಿಯ ಕಡೆ ತಿರುಗಿದ.

"ಎಲ್ಲಾ ನಿಂದ ತಪ್ಪು ನೋಡಬೇ!" ಎಂದ.