ಚಿಕ್ಕಮ್ಮನ ಮೂಳೆ ವ್ಯವಸಾಯ

ನಮ್ಮ ಚಿಕ್ಕಮ್ಮ ತಮ್ಮ ಸೊಂಟದ ಮೂಳೆಯ ಜೊತೆ ಮಾತಾಡುತ್ತಾರೆ! ಬೆಳಿಗ್ಗೆ ಎದ್ದ ಕೂಡಲೇ ಅದಕ್ಕೆ ಎರಡು ತಟ್ಟು ತಟ್ಟಿ, "ಏಳು ಮಾರಾಯ್ತಿ, ಬೆಳಗಾಯ್ತು" ಅನ್ನುತ್ತಾರೆ. ಬೆನ್ನುಮೂಳೆಗೆ ಮಾತ್ರ ಬಹುವಚನ. ಅದು ಹಿರಿಯದಂತೆ! ಹುಚ್ಚು ಅನ್ನುತ್ತೀರಾ? ಅವರ ಎದುರಿಗೆ ಹಾಗನ್ನುವ ಧೈರ್ಯವಿರುವವರು ಶಿವಮೊಗ್ಗದಲ್ಲಿ ಇನ್ನೂ ಹುಟ್ಟಿಲ್ಲ.

ಶುರುವಾದದ್ದು ಹೀಗೆ. ಅಥವಾ ಹೀಗೆ ಶುರುವಾಯಿತೆಂದು ನಾನು ಕಂಡಕಂಡವರಿಗೆಲ್ಲ ಹೇಳಿ, ಈಗ ಅದೇ ನನ್ನ ನೆನಪಾಗಿ ಕೂತಿದೆ. ನಲವತ್ತೊಂದಕ್ಕೇ ಚಿಕ್ಕಮ್ಮನ ಮುಟ್ಟು ನಿಂತಿತು. ಎರಡು ವರ್ಷದ ಮೇಲೆ ಸ್ಕ್ಯಾನ್ ಮಾಡಿಸಿದರೆ ಮೂಳೆಯ ಸಾಂದ್ರತೆ ಇಳಿದಿತ್ತು. ಹೀಗೇ ಬಿಟ್ಟರೆ ಮುಂದೆ ಸಣ್ಣ ಪೆಟ್ಟಿಗೂ ಮುರಿಯಬಹುದು ಎಂದು ಡಾಕ್ಟರಮ್ಮ ಮಾತ್ರೆ ಬರೆಯಲು ಪೆನ್ನು ತೆಗೆದರು. ಚಿಕ್ಕಮ್ಮ ಅವರ ಕೈ ಹಿಡಿದುಕೊಂಡರು. ಪೆನ್ನಿನ ಸಮೇತ! ಜ್ವರದ ಮಾತ್ರೆಯನ್ನೇ ಅಡಕತ್ತರಿಯಲ್ಲಿ ಎಂಟು ಚೂರು ಮಾಡಿ, ಏಳನ್ನು ದಾಸವಾಳದ ಬುಡಕ್ಕೆ ಹಾಕುವ ಹೆಂಗಸು ಅವರು.

"ಒಂದು ವರ್ಷ ಕೊಡಿ ಡಾಕ್ಟ್ರೇ. ಊಟ, ಬಿಸಿಲು, ನಡಿಗೆ, ಭಾರ ಎತ್ತೋದು, ನೀವು ಹೇಳಿದ್ದೆಲ್ಲ ಮಾಡ್ತೀನಿ."

"ಆಮೇಲೂ ಇಳೀತಾ ಹೋದ್ರೆ?"

"ನುಂಗ್ತೀನಿ. ಇಡೀ ಮಾತ್ರೆ ನುಂಗ್ತೀನಿ!"

ಡಾಕ್ಟರಮ್ಮ ಅರೆಮನಸ್ಸಿನಿಂದ ಒಪ್ಪಿದರು. ಮಾತ್ರೆಗಿಂತ ದೊಡ್ಡ ಹೆದರಿಕೆಯೊಂದು ಚಿಕ್ಕಮ್ಮನಿಗಿತ್ತು. ಭದ್ರಾವತಿಯ ನ್ಯೂ ಟೌನಿನಲ್ಲಿರುವ ಅವರ ಅಕ್ಕ, ಅಂದರೆ ನನ್ನ ಅಮ್ಮ, ಅರವತ್ತು ದಾಟುವ ಮೊದಲೇ ಬೆನ್ನು ಬಾಗಿ ಅರ್ಧಕ್ಕರ್ಧ ಕುಳ್ಳಗಾದರು. ಅಮ್ಮನಿಗೂ ಮುಟ್ಟು ಬೇಗ ನಿಂತಿತ್ತು. ಆಗ ಯಾರೂ ಮೂಳೆ ಅಳೆಯಲಿಲ್ಲ. "ತಲೆ ಎತ್ತಿ ನಡಿಯೇ" ಎಂದು ಬೈದೆವು, ಅಷ್ಟೆ.

ಸರಿ, ವ್ಯವಸಾಯ ಶುರು! ಗಾಂಧಿ ಬಜಾರಿನ ಅಂಗಡಿಯಲ್ಲಿ ಮೂರು ಕೆಜಿ ಎಳ್ಳು ಕೇಳಿದಾಗ ಅಂಗಡಿಯವರು ತಕ್ಕಡಿ ಬಿಟ್ಟು ಕ್ಯಾಲೆಂಡರ್ ನೋಡಿದರು.

"ಅಮ್ಮಾರೇ, ಇದು ಜೂನು. ಸಂಕ್ರಾಂತಿಗೆ ಇನ್ನೂ ಟೈಮೈತೆ."

"ನನ್ನ ಮೂಳೆಗೆ ಟೈಮಿಲ್ಲ. ಕಟ್ಟಿ!"

ಜೂನ್ ಎಂದು ಬರೆದೆ, ಜುಲೈ ಇದ್ದರೂ ಇರಬಹುದು. ಖಚಿತವಾದ ಸಂಗತಿಯೆಂದರೆ, ಒಬ್ಬರೇ ತಿಂದರೆ ಒಳಗೆ ಇಳಿಯುವುದಿಲ್ಲವೆಂದು ಚಿಕ್ಕಮ್ಮ ಬೀದಿಯ ಹೆಂಗಸರಿಗೆಲ್ಲ ಎಳ್ಳು ಬೆಲ್ಲ ಬೀರಿದರು. ಅಲ್ಲೇ ಎಡವಟ್ಟಾಯಿತು. ಎಳ್ಳು ಬೀರಿಸಿಕೊಂಡವರು ತಿರುಗಿ ಬೀರದೆ ಇರುತ್ತಾರೆಯೇ? ವಾರದೊಳಗೆ ಹನ್ನೊಂದು ಮನೆಯವರು ರೇಷ್ಮೆ ಸೀರೆಯುಟ್ಟು, ಮಳೆಯಲ್ಲಿ ಕೊಡೆ ಹಿಡಿದು, ತಟ್ಟೆ ಹೊತ್ತು ಬಂದರು! ಮೂರು ಕೆಜಿ ಎಳ್ಳು ಮನೆ ಬಿಟ್ಟು ಹೋಗಿ ಐದು ಕೆಜಿಯಾಗಿ ವಾಪಸ್ ಬಂತು. "ನೋಡಿದ್ಯಾ ಇಳುವರಿ!" ಎಂದು ಚಿಕ್ಕಮ್ಮ ಕುಣಿದರು. ಕುಣಿಯುವುದೂ ಮೂಳೆಗೆ ಒಳ್ಳೆಯದಂತೆ.

ಬಿಸಿಲಿನ ಅಧ್ಯಾಯ ಬೇರೆಯೇ ಇದೆ. ಬೇಸಿಗೆಯಲ್ಲಿ ಅಕ್ಕಪಕ್ಕದವರ ಹಪ್ಪಳ ಕಾಯುವ ಗುತ್ತಿಗೆಯನ್ನು ಚಿಕ್ಕಮ್ಮ ಬಿಟ್ಟಿಯಾಗಿ ವಹಿಸಿಕೊಂಡರು. ಮಹಡಿಯ ಮೇಲೆ ಹಪ್ಪಳದ ಸಾಲು, ಪಕ್ಕದಲ್ಲಿ ಚಿಕ್ಕಮ್ಮ. ಹದಿನೈದು ನಿಮಿಷಕ್ಕೊಮ್ಮೆ ಹಪ್ಪಳವನ್ನೂ ಮಗುಚುವುದು, ತಾವೂ ಮಗುಚಿಕೊಳ್ಳುವುದು. ಸಂಜೆ ಎದುರುಮನೆಯಾಕೆ ಹಪ್ಪಳ ಮುಟ್ಟಿ ನೋಡಿ, "ಇದೇನ್ರೀ, ಹಂಚಿನ ಥರ ಆಗಿದೆ!" ಅಂದರು. ಚಿಕ್ಕಮ್ಮನಿಗೆ ಬೇಜಾರಾಯಿತೇ? "ಹಪ್ಪಳಕ್ಕೇ ಇಷ್ಟು ಬಲ ಬಂದಿದ್ರೆ ನನಗೆಷ್ಟು ಬಂದಿರ್ಬೇಡ!"

ಇನ್ನು ಬಸ್ಸು! ಪ್ರತಿ ಭಾನುವಾರ ಅಮ್ಮನನ್ನು ನೋಡಲು ನಾವಿಬ್ಬರೂ ಭದ್ರಾವತಿಗೆ ಹೋಗುತ್ತಿದ್ದೆವು. ಹೆಗಲಿಗೆ ಎರಡು ಕೆಜಿ ರಾಗಿಹಿಟ್ಟಿನ ಚೀಲ ಹಾಕಿಕೊಂಡು ಚಿಕ್ಕಮ್ಮ ನಿಂತೇ ಪ್ರಯಾಣ ಮಾಡುತ್ತಿದ್ದರು. ಅವರು ನಿಂತರೆ ನಾನೂ ನಿಲ್ಲಬೇಕು. ನನ್ನ ಹೆಗಲಿಗೂ ಒಂದು ಚೀಲ.

"ಅಕ್ಕ, ಅಷ್ಟು ಸೀಟ್ ಖಾಲಿ ಐತೆ, ಕೂತ್ಕಳಿ" ಎಂದ ಕಂಡಕ್ಟರ್.

"ಮೂಳೆ ಬೆಳೆಸ್ತಾ ಇದೀನಪ್ಪ."

"ಜಾಸ್ತಿ ಬೆಳೆದ್ರೆ ಎರಡು ಟಿಕೆಟ್ ಆಗ್ತದೆ ನೋಡಿ!"

ಇವರ ಭಾರ, ಇವರ ಹಠ ನೋಡಿ ಹಿಂದಿನ ಸೀಟಿನ ಅಜ್ಜಿಗೆ ಭಕ್ತಿ ಉಕ್ಕಿತು. "ಹರಕೆ ಏನವ್ವ? ಯಾವ ದೇವ್ರಿಗೆ?"

"ಸೊಂಟಕ್ಕೆ!"

ಅಜ್ಜಿ ಕೈ ಮುಗಿದರು. ಹಾಗೆಂದು ನನ್ನ ನೆನಪು. ಅಜ್ಜಿ ಮುಗುಳ್ನಕ್ಕರು ಅಷ್ಟೆ ಎಂದು ಚಿಕ್ಕಮ್ಮನ ವಾದ. ಕಂಡಕ್ಟರನನ್ನು ಕೇಳಿದರೆ ಮೂರನೆಯ ಕಥೆಯೊಂದು ಹುಟ್ಟೀತು.

ವರ್ಷ ಮುಗಿಯಿತು. ಎರಡನೆಯ ಸ್ಕ್ಯಾನಿನ ದಿನ ಚಿಕ್ಕಮ್ಮ ಯಾರ ಜೊತೆಗೂ ಮಾತಾಡಲಿಲ್ಲ, ಸೊಂಟದ ಜೊತೆಗೂ ಇಲ್ಲ. ಡಾಕ್ಟರಮ್ಮ ಎರಡು ಕಾಗದಗಳನ್ನು ಅಕ್ಕಪಕ್ಕ ಇಟ್ಟು ಬಹಳ ಹೊತ್ತು ನೋಡಿದರು.

"ಸೊಂಟ ಹಾಗೇ ನಿಂತಿದೆ. ಬೆನ್ನು ಮಾತ್ರ ಒಂದು ಚೂರು ಇಳಿದಿದೆ. ಈಗ್ಲೇ ಮಾತ್ರೆ ಬೇಡ, ಮುಂದಿನ ವರ್ಷ ಮತ್ತೆ ನೋಡೋಣ. ಆಗ್ಲೂ ಇಳಿದಿದ್ರೆ ಶುರು ಮಾಡ್ಲೇಬೇಕು. ಹಠ ಮಾಡಬಾರ್ದು."

ನಾನು ಕುರ್ಚಿಯಿಂದ ನೆಗೆದೆ. ಗೆದ್ದೆವಲ್ಲ! ಚಿಕ್ಕಮ್ಮ ನೆಗೆಯಲಿಲ್ಲ.

"ಆಯ್ತು, ಹಠ ಮಾಡಲ್ಲ. ಮಾತ್ರೆ ಅಂದ್ರೆ ಮಾತ್ರೆ" ಎಂದರು. ಆಮೇಲೆ ನನ್ನ ತೋಳು ಹಿಡಿದು ಮುಂದಕ್ಕೆ ಎಳೆದರು. "ಡಾಕ್ಟ್ರೇ, ಇವಳಿಗೀಗ ಮೂವತ್ತೇಳು. ನಮ್ಮಕ್ಕಂದು ನಲವತ್ತಕ್ಕೇ ನಿಂತಿತ್ತು, ನಂದು ನಲವತ್ತೊಂದಕ್ಕೆ. ಇವಳಿಗೆ ಈಗಿಂದ್ಲೇ ಏನೇನು ಮಾಡಿಸ್ಬೇಕು, ಬರೆದುಕೊಡಿ. ಅದ್ರಲ್ಲಿ ಯಾವ್ದು ಇವಳ ಕೈಲಿ ಆಗುತ್ತೆ, ಯಾವ್ದು ಆಗಲ್ಲ ಅಂತ ಒಂದು ವರ್ಷ ಮಾಡಿಸಿ ನೋಡಿದೀನಿ."

ನಾನೇನು ಹೇಳಿದೆನೋ ನೆನಪಿಲ್ಲ. ಹೇಳಿದೆನೆಂದು ಬರೆದರೆ ಅದು ಈಗ ಕಟ್ಟಿದ ಮಾತಾಗುತ್ತದೆ. ನನ್ನ ತೋಳನ್ನು ಅವರು ನೋಯುವಷ್ಟು ಗಟ್ಟಿಯಾಗಿ ಹಿಡಿದಿದ್ದರು. ಅದೊಂದು ಮಾತ್ರ ನಿಜ.